ಹದಿನೈದರ ಮುತ್ತಜ್ಜಿ

"ರಸ್ತಾ ತುಂಬ ಪಚಕ್ ಪಚಕ್ ಅಂತ ಉಗುಳ್ತೀರಿ. ಈ ನಳಿಗಿಯೊಳಗ ಉಗುಳಂದ್ರ ಬಾಯಿ ಬತ್ತಿತೇನೋ, ಘಾಂಟಿ?"

ಹಾಗೆ ಅಂದವನು ಅಜಯಬಾಬ. ಗೋವೆಯ ದಾಬೋಲಿಮ್‌ನ ಕಲ್ಲುಗುಡ್ಡದ ಕೆಳಗೆ ನಮ್ಮ ಜೋಪಡಿಗಳಿವೆ. ಜಾಗ ಸರಕಾರದ್ದು, ಬಾಡಿಗೆ ಮಾತ್ರ ಅಜಯಬಾಬನಿಗೆ ಸೇರುತ್ತದೆ. ಅವನು ಪಂಚಾಯತಿಯ ಮೆಂಬರು, ಗಣಪತಿ ಮಂಡಳಿಯ ಖಜಾಂಚಿ, ಸ್ಮಶಾನ ಸಮಿತಿಯ ಅಧ್ಯಕ್ಷ. ಹುಟ್ಟಿದವರೂ ಅವನಿಗೆ ಬೇಕು, ಸತ್ತವರೂ ಬೇಕು. ಬಾಡಿಗೆ ಕೇಳುವುದಕ್ಕೆಂದು ಕನ್ನಡ ಕಲಿತ, ಬೈಯುವುದಕ್ಕೆ ಇನ್ನಷ್ಟು ಕಲಿತ. ಘಾಂಟಿ ಎಂಬುದು ಘಟ್ಟದಾಚೆಯಿಂದ ದುಡಿಯಲು ಬಂದವರಿಗೆ ಇಲ್ಲಿ ಇಟ್ಟಿರುವ ಹೆಸರು. ನನ್ನ ಅಪ್ಪ ನನಗೆ ಇಟ್ಟ ಹೆಸರು ಕುಬೇರ. ಎರಡರಲ್ಲಿ ಯಾವುದು ನನಗೆ ಹೊಂದುತ್ತದೆ ಅಂತ ನೀವೇ ಹೇಳಿ.

ನನ್ನ ಬಾಯಿ ನಿಜವಾಗಿಯೂ ಬತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಚೆನ್ನಾಗಿಯೇ ಇತ್ತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ರಾಜನ ಹಾಗೆ ಕೂತಿದ್ದೆ. ಸ್ನೇಹಲ್ ಎಂಬ ಧಾರವಾಡದ ಹುಡುಗಿ ಉಕ್ಕಿನ ಇಕ್ಕಳದಂಥದೊಂದನ್ನು ನನ್ನ ತಲೆಗೆ ಹಿಡಿದು ಅಳೆಯುತ್ತಿದ್ದಳು. ಮನುಷ್ಯ ಎಲ್ಲಿಂದ ಬಂದ, ಒಬ್ಬನಿಗೂ ಇನ್ನೊಬ್ಬನಿಗೂ ಯಾಕೆ ಬೇರೆ ಬೇರೆ ಮುಖ, ಬೇರೆ ಬೇರೆ ಬಣ್ಣ ಬಂತು ಎಂದು ಹುಡುಕುವ ಓದು ಅವಳದು. ಒಳ್ಳೆಯ ಹುಡುಗಿ. ಅಳೆಯುವ ಮುಂಚೆ ಕೇಳಿಯೇ ಮುಟ್ಟಿದಳು. ಇಲ್ಲಿ ನಮ್ಮನ್ನು ಕೇಳಿ ಮುಟ್ಟಿದವರು ಅವಳೊಬ್ಬಳೇ.

"ಅಣ್ಣಾರ, ತಲಿ ಅಲ್ಲಾಡಸಬ್ಯಾಡ್ರಿ. ಮೂಗಿನ ಅಳತಿ ಒಂದು ಉಳದೈತಿ."

"ಇದನ್ನ ಅಳದು ಏನ್ ಮಾಡ್ತೀರಿ ಬಾಯಾರ?"

"ನೀವು ಎಲ್ಲಿಂದ ಬಂದ್ರಿ ಅಂತ ತಿಳೀತೈತಿ."

"ಇಂಡಿ ತಾಲೂಕಿನಿಂದ ಬಂದೇವ್ರಿ. ಅದಕ್ಕ ಮೂಗ್ಯಾಕ ಬೇಕು? ಬಾಯಿಲೆ ಕೇಳಿದ್ರ ಹೇಳ್ತಿದ್ದೆ."

ಸುತ್ತ ನಿಂತವರು ನಕ್ಕರು. ಸ್ನೇಹಲ್ ಕೂಡ ನಕ್ಕಳು. "ಅದಲ್ರಿ. ಸಾವಿರಾರು ವರ್ಷದ ಹಿಂದಿನ ಮಾತು. ಭೂಮಿ ಮ್ಯಾಲಿನ ಮನಷ್ಯಾರೆಲ್ಲಾ ಮೊದಲು ಆಫ್ರಿಕಾದಾಗ ಇದ್ರು. ಅಲ್ಲಿಂದ ಹೊಂಟು ಹೊಂಟು ಎಲ್ಲಾ ಕಡೆ ಹರಡಿದ್ರು. ಆ ದಾರಿ ಗುರ್ತು ಎಲ್ಲಾರ ರಕ್ತದಾಗ, ಉಗುಳಿನ್ಯಾಗ ಉಳದೈತಿ."

"ಅಜಯಬಾಬಾರೂ ಅಲ್ಲಿಂದs ಬಂದವರೇನ್ರಿ?"

"ಎಲ್ಲಾರೂ ಬಂದವರs."

"ಹಂಗಾರ ಅವರದೂ ಒಂದೀಟು ಉಗುಳು ತಗೋರಿ. ಅವರನ್ನೂ ಘಾಂಟಿ ಅನ್ನೂಣು."

ಅಜಯಬಾಬ ನನ್ನ ಕುರ್ಚಿಯ ಕಾಲಿಗೆ ಒದ್ದ. ಸ್ನೇಹಲ್ ಮುಖ ಸಣ್ಣದು ಮಾಡಿಕೊಂಡು, "ಈ ಸ್ಟಡಿಯೊಳಗ ಲಮಾಣಿ ಮಂದಿ ಅಷ್ಟs ಬರ್ತಾರ್ರಿ" ಎಂದಳು. ಮಾತು ಬದಲಿಸಲೆಂದೋ ಏನೋ ಫೋನು ತೆಗೆದು ನನ್ನ ಮುಂದೆ ಹಿಡಿದಳು. "ಇದನ್ನ ನೋಡ್ರಿ, ಖುಷಿ ಆಗ್ತೈತಿ. ಗುಡ್ಡದ ಮ್ಯಾಲೆ ಹೋಟೆಲ್ ಕಟ್ಟೂ ಜಾಗಾದಾಗ ಜೆಸಿಬಿಗೆ ಸಿಕ್ಕ ಎಲುಬು. ಹೆಣ್ಣಮಗಳು. ಕವಡಿ, ಕನ್ನಡಿ ಬಿಲ್ಲಿ, ರಟ್ಟಿಗೆ ದಂತದ ಬಳಿ. ಪಕ್ಕಾ ಲಮಾಣಿ. ಮೂರ್ನೂರು ವರ್ಷ ಹಿಂದಿನಾಕಿ ಇರಬೇಕು ಅಂತಾರ ನಮ್ಮ ಸರ್. ಎತ್ತಿನ ಮ್ಯಾಲೆ ಉಪ್ಪು ಹೇರಕೊಂಡು ನಿಮ್ಮ ಮಂದಿ ಆಗಿನ ಕಾಲಕ್ಕs ಇಲ್ಲಿಗೆ ಬಂದಿದ್ರಂತ. ನೀವು ಹೊರಗಿನವರಲ್ರಿ ಅಣ್ಣಾರ!"

ನೋಡಿದೆ. ಕೆಂಪು ಮಣ್ಣು ಹಿಡಿದ ಎಲುಬು. ಅದರ ಪಕ್ಕದಲ್ಲಿ ಬಳೆ. ಬಳೆ ಒಂದು ಕಡೆ ಸೀಳಿತ್ತು, ಸೀಳಿದ ಕಡೆ ತಾಮ್ರದ ತಂತಿ ಸುತ್ತಿತ್ತು. ಸುಟ್ಟುಹೋದ ನೀರಿನ ಮೋಟರಿನಿಂದ ಆ ತಂತಿ ಬಿಚ್ಚಿ ಸುತ್ತಿದವನು ನಾನು.

ಉಗುಳು ಬತ್ತಿದ್ದು ಆಗ. ಹಲ್ಲು ನೋಯುತ್ತಿದೆ, ನಾಳೆ ಕೊಡುತ್ತೇನೆ ಎಂದು ಸುಳ್ಳು ಹೇಳಿ ಎದ್ದೆ. ಅಜಯಬಾಬ ಬೆನ್ನ ಹಿಂದೆ ಏನೋ ಬೈದ. ನನಗೆ ಕೇಳಿಸಲಿಲ್ಲ.

ನನ್ನ ಅಣ್ಣನ ಹೆಂಡತಿ ಜಮುನಾಬಾಯಿ ಬೋಗ್ಮಾಳೊ ಕಡಲದಂಡೆಯಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಾಳೆ. ನಮ್ಮ ಹೆಂಗಸರಲ್ಲಿ ಹೆಚ್ಚಿನವರು ಈಗ ಸೀರೆಗೆ ಬಂದಿದ್ದಾರೆ. ಅವಳು ಇನ್ನೂ ಕನ್ನಡಿ ಹೊಲಿದ ಲಂಗ, ಓಡನಿ ಬಿಟ್ಟಿಲ್ಲ. ಹಟವೇನಿಲ್ಲ, ಆ ವೇಷದವರ ಹತ್ತಿರ ಗಿರಾಕಿ ಜಾಸ್ತಿ ನಿಲ್ಲುತ್ತಾರೆ. ಫೋಟೋ ಹೊಡೆಯುತ್ತಾರೆ, ಹೊಡೆದ ಮೇಲೆ ಏನಾದರೂ ಕೊಳ್ಳಲೇಬೇಕಾಗುತ್ತದೆ.

ನಾನು ಹೋದಾಗ ಒಬ್ಬ ಬಿಳಿ ಹೆಂಗಸಿನ ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದಳು.

"ವೈನಿ, ಇತ್ತ ಬಾ."

"ತಡಿಯೋ. ಗಿರಾಕಿ ಐತಿ."

"ಕಾಂಚನಾ ಸಿಕ್ಕಾಳ."

ಅವಳ ಕೈ ನಿಲ್ಲಲಿಲ್ಲ. ಗಂಟು ಹಾಕಿ ಮುಗಿಸಿ, ಆ ಹೆಂಗಸಿನ ಕಾಲನ್ನು ಮೆಲ್ಲಗೆ ಮರಳಿನ ಮೇಲಿಟ್ಟಳು. "ಎಲ್ಲಿ?"

"ಹೋಟೆಲ್ಲಿನ ಪಾಯಾ ತೋಡೂ ಮುಂದ. ಕಾಲೇಜಿನವರು ಒಯ್ದು ಇಟಗೊಂಡಾರ. ಹಳೀ ಕಾಲದ ಹೆಣ್ಣಮಗಳಂತ. ತಂತಿ ಸುತ್ತಿದ ಬಳಿ ನೋಡಿ ಬಂದೆ."

"ತಲಿ?"

"ತಲೀನೂ ಐತಿ."

ಅವಳು ಮರಳಿನ ಮೇಲೆ ಕೂತಳು. ಅಳಲಿಲ್ಲ. ಅತ್ತವನು ನಾನು. ಸಮುದ್ರದ ಕಡೆ ಮುಖ ಮಾಡಿ, ಗಂಡಸು ಅನ್ನುವುದನ್ನು ಮರೆತು ಅತ್ತೆ. ಬಿಳಿ ಹೆಂಗಸು ನನ್ನನ್ನು ನೋಡಿ ಗಾಬರಿಯಾಗಿ ಎದ್ದು ಹೋದಳು.

ಜಮುನಾಬಾಯಿಯ ಮಗಳು ಕಾಂಚನಾ ಸತ್ತದ್ದು ಕೊರೋನಾ ವರ್ಷ. ಕೊರೋನಾ ಬಂದು ಸತ್ತಳೋ ಬರೀ ಜ್ವರದಿಂದ ಸತ್ತಳೋ ನಮಗೆ ಗೊತ್ತಿಲ್ಲ. ಆಸ್ಪತ್ರೆಯ ಬಾಗಿಲು ನಮಗೆ ತೆರೆಯಲಿಲ್ಲ. ಹದಿನೈದು ವರ್ಷದ ಹುಡುಗಿ. ನಮ್ಮಲ್ಲಿ ಮದುವೆಯಾದವರನ್ನು ಸುಡುತ್ತಾರೆ, ಮದುವೆಯಾಗದವರನ್ನು ಹೂಳುತ್ತಾರೆ. ಅಜ್ಜ ಮುತ್ತಜ್ಜರಿಂದ ಬಂದದ್ದು. ಊರಿಗೆ ಒಯ್ಯೋಣವೆಂದರೆ ಗಡಿ ಬಂದಾಗಿತ್ತು. ಜಮುನಾಬಾಯಿಯನ್ನು ಕರೆದುಕೊಂಡು ಸ್ಮಶಾನದ ಗೇಟಿಗೆ ಹೋದೆ. ಅಜಯಬಾಬ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗೇಟಿನ ಒಳಗೇ ನಿಂತ.

"ಇಲ್ಲಿ ಸುಡೂದು ಅಷ್ಟ. ಅದೂ ಊರವರನ್ನ. ಹೂಳೂದಿದ್ರ ನಿಮ್ಮ ಕರ್ನಾಟಕಕ್ಕ ಒಯ್ರಿ."

"ಗಡಿ ಬಂದ್ ಐತ್ರೀ ಬಾಬಾ. ಒಂದು ಮೂಲ್ಯಾಗ ಮೂರು ಮೊಳ ಜಾಗಾ ಕೊಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ." ಅವಳು ಬಿದ್ದೂಬಿಟ್ಟಳು. ಗೇಟು ನಡುವೆ ಇದ್ದದ್ದರಿಂದ ಕಾಲು ಸಿಗಲಿಲ್ಲ, ಸರಳು ಸಿಕ್ಕಿತು.

"ಗೋವಾದಾಗ ಘಾಂಟಿ ಹೆಣಕ್ಕ ಗೇಣು ಜಾಗಾ ಇಲ್ಲ. ಸಮುದ್ರ ಐತಲ್ಲ, ಅಷ್ಟು ದೊಡ್ಡದು. ಒಗೀರಿ."

ನಡುರಾತ್ರಿ ಧಾರಾಕಾರ ಮಳೆ. ರಸ್ತೆಯಲ್ಲಿ ನಾಯಿ ಕೂಡ ಇರಲಿಲ್ಲ. ಗುಡ್ಡದ ಮೇಲೆ, ಗೇರುಮರಗಳ ಹಿಂದೆ, ಕೆಂಪು ಕಲ್ಲು ಒಡೆದು ಒಡೆದು ನಾನೇ ಗುಂಡಿ ತೆಗೆದೆ. ಜಮುನಾಬಾಯಿ ತನ್ನ ರಟ್ಟೆಯ ದಂತದ ಬಳೆಗಳನ್ನು ತಂದಿದ್ದಳು. ಅತ್ತೆಯ ಅತ್ತೆಯಿಂದ ಬಂದ ಬಳೆ. ಅಣ್ಣ ಕಟ್ಟಡದಿಂದ ಬಿದ್ದು ಸತ್ತ ದಿನ ತೆಗೆದು, ಮಗಳ ಮದುವೆಗೆಂದು ಇಟ್ಟಿದ್ದಳು. ಮದುವೆಯಾಗದವಳಿಗೆ ಅವನ್ನು ತೊಡಿಸಬಾರದು. "ಬಾರದು ಅಂದ್ರ ದೇವರು ನನ್ನನ್ನ ಕೇಳಲಿ" ಎಂದು ಅವಳೇ ತೊಡಿಸಿದಳು. ತನ್ನ ಮದುವೆಯ ಓಡನಿಯಲ್ಲಿ ಸುತ್ತಿದಳು. ಅದರ ಕವಡೆ, ಅದರ ಕನ್ನಡಿಗಳೇ ಈಗ ಮೂರುನೂರು ವರ್ಷದವಾಗಿದ್ದವು.

ಹೋದ ವರ್ಷ ಹೋಟೆಲಿನವರು ಗುಡ್ಡಕ್ಕೆ ಸುತ್ತ ತಗಡು ಹೊಡೆದರು. ಬೇರೆ ರಾಜ್ಯದ ಕೂಲಿಗಳನ್ನು ತಂದು ಒಳಗೇ ಇಟ್ಟರು. ದೀಪಾವಳಿಗೆ ಅವಳು ತಗಡಿನ ಹೊರಗೇ ದೀಪ ಇಟ್ಟು ಬಂದಿದ್ದಳು.

"ಕೇಳಿದ್ರ ಕೊಡ್ತಾರೇನು?" ಎಂದು ಈಗ ಕೇಳಿದಳು.

"ನಮ್ಮಾಕಿ ಅಂದ್ರ ಕಳವಿಲೆ ಹೆಣಾ ಹೂಳಿದ್ರಿ ಅಂತ ಕೇಸು ಹಾಕ್ತಾರ."

"ಹಾಕ್ಲಿ. ನನ್ನ ಕೂಸು ನನಗ ಬೇಕು."

ಮೂರುನೂರು ವರ್ಷದ ಲಮಾಣಿಯ ಸುದ್ದಿ ಹರಡಿ ಅವತ್ತು ಸಂಜೆ ನಮ್ಮ ಓಣಿಯಲ್ಲಿ ಹಬ್ಬ. ನಮ್ಮ ಕುಲಗುರು ಸೇವಾಲಾಲರ ಕಟ್ಟೆಯ ಮುಂದೆ ಎಲ್ಲರೂ ಸೇರಿದ್ದರು. ಜಾಗ ಖಾಲಿ ಮಾಡಿ ಎಂದು ಸರಕಾರದವರು ಗೋಡೆಗೋಡೆಗೂ ನೋಟೀಸು ಅಂಟಿಸಿ ಹೋದ ಮೇಲೆ ಯಾರ ಮುಖದಲ್ಲೂ ನಗು ಇರಲಿಲ್ಲ. ಈಗ ಇದ್ದಕ್ಕಿದ್ದಂತೆ ಎಲ್ಲರೂ ಗೋವೆಯ ಮೂಲನಿವಾಸಿಗಳು. ಇನ್ನು ಜೆಸಿಬಿ ತಂದರೆ ನಮ್ಮ ಮುತ್ತಜ್ಜಿಯ ಫೋಟೋ ಮುಂದಿಡುತ್ತೇವೆ ಎಂದರು. ರೇಷನ್ ಕಾರ್ಡು ಕೊಡಿಸದ ದೇಶ ಒಂದು ತಲೆಬುರುಡೆ ನೋಡಿ ಜಾಗ ಬಿಟ್ಟುಕೊಡುತ್ತದೆ ಎಂದು ನಂಬಿದ ಮಂದಿ ನಾವು. ನಗಬೇಡಿ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ.

ನಮ್ಮ ನಾಯಕ ಠಾಕಪ್ಪನನ್ನು ಬದಿಗೆ ಕರೆದು ಜಮುನಾಬಾಯಿ ಎಲ್ಲ ಹೇಳಿದಳು. ಮುದುಕ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಯಾರ್ಯಾರಿಗೆ ಗೊತ್ತೈತಿ?"

"ನನಗ, ಕುಬ್ಯಾಗ. ಈಗ ನಿನಗ."

"ಹಂಗಾರ ಮೂವರೊಳಗs ಇರಲಿ."

"ಕಾಕಾ!"

"ಕೇಳಿಲ್ಲಿ. ಸತ್ತಾಕಿ ಸತ್ತಾಳ. ಇರೂವು ಇಷ್ಟು ಕೂಸು, ಇಷ್ಟು ಬಾಣಂತ್ಯಾರು, ಮಳಿ ಮುಂದ ಇಟಗೊಂಡು ಎಲ್ಲಿ ಹೋಗಬೇಕು? ಅಜಯ ಸೂಳಿಮಗ ತನ್ನ ಬಾಡಿಗಿ ಉಳೀಲಿ ಅಂತ ಮಂತ್ರೀನ ಕರಸ್ತಾನಂತ. ಮಂತ್ರಿ ಬಾಯಿಲೆ ಒಮ್ಮಿ 'ಇವರು ಇಲ್ಲಿಯವರs' ಅನಿಸಿದ್ರ ಸಾಕು."

"ಅಂದ್ರ ನನ್ನ ಹದಿನೈದು ವರ್ಷದ ಕೂಸು ನಿಮ್ಮೆಲ್ಲಾರ ಮುತ್ತಜ್ಜಿ ಆಗಬೇಕು."

"ಆಗಲಿ. ಪುಣ್ಯೇದ ಕೆಲಸ. ಬದುಕಿದ್ರ ಇದಕ್ಕಿಂತ ಹೆಚ್ಚು ಏನ್ ಮಾಡತಿದ್ಲು? ನಿನ್ನಂಗ ಮಣಿ ಮಾರತಿದ್ಲು."

ನನಗೆ ಕೈ ಎತ್ತುವಷ್ಟು ಸಿಟ್ಟು ಬಂತು. ಆದರೆ ಮುದುಕನ ಕಣ್ಣಲ್ಲಿ ನೀರು ಇತ್ತು. ಅವನ ಮೊಮ್ಮಗಳು ಎಂಟು ತಿಂಗಳ ಬಸುರಿ, ಅವಳ ಜೋಪಡಿಯೇ ಮೊದಲ ಸಾಲಿನದು. ಯಾರನ್ನು ಬೈಯುವುದು?

ಜಮುನಾಬಾಯಿ ಕೊನೆಗೆ, "ಆತು. ಬಾಯಿ ಮುಚಗೊಂಡಿರ್ತೇನಿ. ಮಂತ್ರಿ ಬಂದು ಹೋದಮ್ಯಾಲೆ ನನ್ನ ಮಗಳನ್ನ ನನಗ ಕೊಡಸಬೇಕು. ಹೂಳಾಕ" ಎಂದಳು. ಠಾಕಪ್ಪ ಸೇವಾಲಾಲರ ಕಟ್ಟೆ ಮುಟ್ಟಿ ಆಣೆ ಮಾಡಿದ.

ಮಂತ್ರಿ ಬರುವ ದಿನ ವಾಸ್ಕೋದ ಸಭಾಭವನಕ್ಕೆ ನಮ್ಮನ್ನು ಬಸ್ಸಿನಲ್ಲಿ ಒಯ್ದರು. ಎಲುಬು ಎಷ್ಟು ಹಳೆಯದೆಂದು ಹೇಳುವ ಪರೀಕ್ಷೆಯ ವರದಿ ಹೊರದೇಶದಿಂದ ಇನ್ನೂ ಬಂದಿರಲಿಲ್ಲವಂತೆ. ಅದು ಬರುವವರೆಗೆ ತಡೆಯೋಣ ಎಂದು ಸ್ನೇಹಲ್ ಹೇಳಿದ್ದಳಂತೆ. ಮಂತ್ರಿಯ ತಾರೀಖು ಮೊದಲು ಸಿಕ್ಕಿತು, ಚುನಾವಣೆ ಹತ್ತಿರವಿತ್ತು, ಸತ್ಯ ಆಮೇಲೆ ಬಂದರೂ ನಡೆಯುತ್ತದೆ.

ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆ. ಅದರೊಳಗೆ ಕೆಂಪು ಮಖಮಲ್ಲಿನ ಮೇಲೆ ಕಾಂಚನಾಳ ತಲೆ. ಪಕ್ಕದ ಟ್ರೇಯಲ್ಲಿ ಉಳಿದ ಎಲುಬು, ಬಳೆ, ಕವಡೆ. ಅಜಯಬಾಬ ಹೆಂಗಸರ ಸಾಲನ್ನೆಲ್ಲ ನೋಡಿ ಜಮುನಾಬಾಯಿಯ ಕಡೆ ಬೆರಳು ಮಾಡಿದ. "ಈ ಡ್ರೆಸ್ಸಿನಾಕಿ ಬರ್ಲಿ. ಮಂತ್ರಿಸಾಹೇಬರ ಕೂಡ ಫೋಟೋಕ್ಕ ಚಲೋ ಕಾಣತಾಳ. ಏ ಬಾಯಿ, ಹಲ್ಲು ತೋರ್ಸು. ಸಂತೋಷದ ದಿನ ಇವತ್ತ."

ತನ್ನ ಮಗಳ ಪಕ್ಕದಲ್ಲಿ ಅವಳನ್ನು ನಿಲ್ಲಿಸಿದರು, ವಂಶದ ಕುಡಿ ಎಂದು. ನಾನು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಅವಳು ಪೆಟ್ಟಿಗೆಯನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ನಾನು ನೆಲ ನೋಡಿದೆ.

ಮೊದಲು ಅಜಯಬಾಬ ಪೆಟ್ಟಿಗೆ ತೆರೆಸಿ ತಲೆಬುರುಡೆಗೆ ಚೆಂಡುಹೂವಿನ ಮಾಲೆ ಹಾಕಿದ. ಕೈ ಮುಗಿದ. "ಇವಳು ನಮ್ಮ ಗೋವೆಯ ತಾಯಿ. ತಾಯಿಗೆ ನಾವು ಜಾಗ ಕೊಡದಿದ್ದರೆ ಮತ್ತಾರು ಕೊಡಬೇಕು?" ಎಂದು ಕೊಂಕಣಿಯಲ್ಲಿ ಹೇಳಿದ. ಚಪ್ಪಾಳೆ ಬಿತ್ತು. ನಮ್ಮವರೇ ಜೋರಾಗಿ ಹೊಡೆದರು. ಆಮೇಲೆ ಮಂತ್ರಿ ಮಾತಾಡಿದ. ನಾವೆಲ್ಲರೂ ಆಫ್ರಿಕಾದಿಂದ ಬಂದ ವಲಸೆಗಾರರೇ, ನಮ್ಮಲ್ಲಿ ಭೇದವಿಲ್ಲ, ಮಾನವಕುಲ ಒಂದೇ ಎಂದ. ನೋಟೀಸಿನ ಮಾತು ಎತ್ತಲಿಲ್ಲ. ಠಾಕಪ್ಪ ಮುಂದಿನ ಸಾಲಿನಲ್ಲಿ ಬಾಯಿ ತೆರೆದುಕೊಂಡು ಆ ಒಂದು ಮಾತಿಗೆ ಕಾದಿದ್ದ. ಮಂತ್ರಿ ಕೂತುಬಿಟ್ಟ.

ಕೊನೆಗೆ ಸ್ನೇಹಲ್‌ಳ ದೊಡ್ಡ ಸರ್ ಎದ್ದು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ನಮಗೂ ತಿಳಿಯಲಿ ಎಂದು ಅವಳು ಕನ್ನಡದಲ್ಲಿ ಹೇಳಿದಳು.

"ಈ ತಾಯೀನ ಹೊಸಾ ಮ್ಯೂಸಿಯಮ್ಮಿನ್ಯಾಗ ಕಾಯಂ ಇಡ್ತಾರ್ರಿ. ಎಲ್ಲಾರೂ ನೋಡಬಹುದು. ಕಿವಿ ಹಿಂದ ಒಂದು ಗಟ್ಟಿ ಎಲುಬು ಇರ್ತೈತಿ. ಅದರಾಗ ವಂಶದ ಗುರ್ತು ಚಲೋ ಉಳದಿರ್ತೈತಿ. ಅದನ್ನ ಕೊರದು, ಪುಡಿ ಮಾಡಿ, ಪರೀಕ್ಷಾಕ್ಕ ಕಳಿಸೇವಿ. ದವಡಿ ಹಲ್ಲೂ ಒಂದು ತಗದೇವಿ."

ಕಾಂಚನಾಳಿಗೆ ಸಣ್ಣವಳಿದ್ದಾಗಿನಿಂದ ಕಿವಿ ಸೋರುತ್ತಿತ್ತು. ಚಳಿಗಾಲ ಬಂತೆಂದರೆ ನೋವಿಗೆ ಕಿರುಚುತ್ತಿದ್ದಳು. ಜಮುನಾಬಾಯಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟು, ಅದೇ ಕಿವಿಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಕೂತಿರುತ್ತಿದ್ದಳು. ಬೇರೆ ಯಾರನ್ನೂ ಆ ಕಿವಿ ಮುಟ್ಟಲು ಬಿಡುತ್ತಿರಲಿಲ್ಲ.

"ಪುಡಿ ಅಂದ್ರ?" ಎಂದಳು ಜಮುನಾಬಾಯಿ.

ಸ್ನೇಹಲ್‌ಗೆ ಕೇಳಿಸಲಿಲ್ಲ. ಅವಳು ಮುಂದಿನದನ್ನು ಹೇಳತೊಡಗಿದ್ದಳು.

"ತಂಗೀ, ನಿನ್ನs ಕೇಳಾಕತ್ತೇನಿ. ಪುಡಿ ಮಾಡೀರಿ ಅಂದ್ರ ಏನ್ ಮಾಡೀರಿ?"

ಸ್ನೇಹಲ್ ಗಲಿಬಿಲಿಗೊಂಡು, "ಸ್ವಲ್ಪs ರೀ ಅಕ್ಕಾ. ಚೂರೇ ಚೂರು" ಎಂದಳು. ಜಮುನಾಬಾಯಿ ಅವಳ ಕೈಯಿಂದ ಮೈಕು ತೆಗೆದುಕೊಂಡಳು. ಮೈಕು ಹಿಡಿದು ಅಭ್ಯಾಸವಿಲ್ಲ. ಬಾಯಿಗೆ ಅಂಟಿಸಿಕೊಂಡಳು, ಉಸಿರೆಲ್ಲ ಕೇಳಿಸಿತು.

"ಇಕಿ ಯಾರ ಮುತ್ತಜ್ಜೀನೂ ಅಲ್ಲ. ಇಕಿ ನನ್ನ ಮಗಳು, ಕಾಂಚನಾ. ಕೊರೋನಾ ವರ್ಷ ಸತ್ಲು. ಈಗ ಮಾಲಿ ಹಾಕಿದನಲ್ಲ ಈ ಭಾಡ್ಯಾ, ಇವನ ಕಾಲು ಹಿಡಿಯಾಕ ಹೋಗಿದ್ದೆ, ಮೂರು ಮೊಳ ಜಾಗಾ ಕೊಡು ಅಂತ. ಸಮುದ್ರಕ್ಕ ಒಗೀ ಅಂದ. ಮೂರ್ನೂರು ವರ್ಷದಾಕಿ ಅಂದ್ರ ತಾಯಿ ಅಂತೀರಿ, ಕೈ ಮುಗೀತೀರಿ. ನಿನ್ನಿ ಸತ್ತಾಕಿ ಅಂದ್ರ ನಿಮ್ಮ ಊರಾಗ ಜಾಗಾ ಇಲ್ಲ. ಯಾವ ನಮೂನಿ ಮಂದಿರೋ ನೀವು?"

ಅಜಯಬಾಬ ಮೈಕಿನ ವಾಯರು ಜಗ್ಗಿದ. "ಕುಡದಾಳ! ಕುಡದಾಳ ಇಕಿ!" ಅವಳು ಮೈಕು ಬಿಟ್ಟುಕೊಟ್ಟಳು. ತಲೆಬುರುಡೆಗೆ ಹಾಕಿದ ಮಾಲೆ ಕಿತ್ತು ಅವನ ಕಾಲ ಬಳಿ ಎಸೆದಳು. ಎರಡೂ ಕೈಯಿಂದ ಮಗಳ ತಲೆ ಎತ್ತಿಕೊಂಡಳು.

"ಅಕ್ಕಾ, ಬರಿಗೈಲೆ ಮುಟ್ಟಬ್ಯಾಡ್ರಿ" ಎಂದು ಸ್ನೇಹಲ್ ಕೂಗಿದಳು. "ಸ್ಯಾಂಪಲ್ ಕೆಡತೈತಿ!"

"ಕೆಡಲಿ ತಂಗಿ."

ಓಡನಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಮೆಟ್ಟಿಲಿಳಿದಳು. ನನ್ನ ಕಾಲಿಗೆ ಆಗ ಜೀವ ಬಂತು. ಮೇಲೆ ಹತ್ತಿ ಟ್ರೇ ಎತ್ತಿಕೊಂಡೆ. ಸ್ನೇಹಲ್ ನನ್ನ ಎದುರಿಗೇ ನಿಂತಿದ್ದಳು. ತಡೆಯಬಹುದಿತ್ತು. ಬಳೆಗೆ ಸುತ್ತಿದ ತಂತಿಯನ್ನು ನೋಡಿದಳು, ನನ್ನ ಮುಖ ನೋಡಿದಳು, ಬದಿಗೆ ಸರಿದಳು.

ಹೊರಗೆ ಉರಿಬಿಸಿಲು. ಸಭಾಭವನದ ಮುಂದೆ ಹುಲ್ಲುಹಾಸು, ಅದರಾಚೆ ಗೇಟು, ಗೇಟಿನ ಹತ್ತಿರ ನೆಲಕ್ಕೆ ಕಲ್ಲು ಕೂರಿಸುತ್ತಿದ್ದ ನಮ್ಮ ಕಡೆಯ ಕೂಲಿಗಳು. ಜಮುನಾಬಾಯಿ ಹುಲ್ಲಿನ ನಡುವೆ ಬಂದು ನಿಂತಳು. ಮಗಳು ಸಿಕ್ಕಿದ್ದಳು, ಎಲ್ಲಿಗೆ ಒಯ್ಯಬೇಕೆಂಬುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಳಗಿನಿಂದ ಜನ ಹರಿದು ಬಂದರು. ನಮ್ಮ ಹೆಂಗಸರು ಅವಳ ಸುತ್ತ ನಿಂತರು. ಗಂಡಸರಲ್ಲಿ ಕೆಲವರು ತಲೆ ತಗ್ಗಿಸಿ ಬಸ್ಸಿನ ಕಡೆ ನಡೆದರು.

ಠಾಕಪ್ಪ ಎದೆ ಬಡಿದುಕೊಳ್ಳುತ್ತ ಬಂದ. "ಜಮುನಾ, ಎಲ್ಲಾರ ಹೊಟ್ಟಿ ಮ್ಯಾಲೆ ಹೊಡದ್ಯಲ್ಲ! ನಾಳೆ ಜೆಸಿಬಿ ಬಂದ್ರ ಯಾರು ಅಡ್ಡ ನಿಂದ್ರವರು?"

"ಅವರು ಇವತ್ತು ಏನಾರ ಹೇಳಿದ್ರೇನು ಕಾಕಾ? ನೀ ಮುಂದs ಕುಂತಿದ್ಯಲ್ಲ. ಕೇಳಿಸ್ತೇನು?"

ಅಷ್ಟರಲ್ಲಿ ಅಜಯಬಾಬ ಹೆಂಗಸರನ್ನು ತಳ್ಳಿಕೊಂಡು ಒಳಗೆ ಬಂದ. ಮುಖ ಕೆಂಪಾಗಿತ್ತು, ದನಿ ಮಾತ್ರ ಜೇನು. ಪೇಪರಿನವರು ಫೋನು ಹಿಡಿದು ಹಿಂದೆಯೇ ಬರುತ್ತಿದ್ದರು.

"ಜಮುನಾಬಾಯಿ, ಆದದ್ದು ಆಗಿ ಹೋತು. ಒಳಗ ಬಂದು, ತಪ್ಪಾತು, ಇಕಿ ನನ್ನ ಮಗಳಲ್ಲ ಅಂತ ಒಂದು ಮಾತು ಹೇಳು. ಸ್ಮಶಾನದಾಗ ಜಾಗಾ ಕೊಡ್ತೇನಿ, ದೇವರಾಣಿ. ಕತ್ತಲಾದಮ್ಯಾಲೆ ಬರ್ರಿ, ಗೇಟು ತೆಗಸ್ತೇನಿ. ಯಾರಿಗೂ ಗೊತ್ತಾಗೂದಿಲ್ಲ."

ಇದನ್ನೇ ಅಲ್ಲವೇ ಅವಳು ಅಂದು ಸರಳು ಹಿಡಿದು ಕೇಳಿದ್ದು? ನನಗೆ ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಜಾಗ ಸಿಗುತ್ತದೆ, ಕೇಸು ಇರುವುದಿಲ್ಲ, ಜೋಪಡಿ ಉಳಿದರೂ ಉಳಿಯಬಹುದು. ಜಮುನಾಬಾಯಿ ಓಡನಿಯ ಗಂಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಿಸಿಕೊಂಡಳು, ಕಂಕುಳಲ್ಲಿನ ಕೂಸನ್ನು ಬದಲಿಸಿಕೊಳ್ಳುವ ಹಾಗೆ.

"ಒಮ್ಮಿ ಕದ್ದು ಹೂಳೇನಿ" ಎಂದಳು. "ಇನ್ನೊಮ್ಮಿ ಕದ್ದು ಹೂಳಂಗಿಲ್ಲ. ಹಗಲಾಗ ಬೇಕು. ಎಲ್ಲಾರ ಮುಂದ ಬೇಕು. ಈಗ ಬೇಕು."

"ಈಗ? ಎಲ್ಲಿ ಹೂಳ್ತಿ ಈಗ? ನಿನ್ನಪ್ಪನ ಜಾಗಾ ಐತೇನ ಇಲ್ಲಿ?" ಜೇನು ಮುಗಿದಿತ್ತು.

ಅವಳು ನನ್ನ ಕಡೆ ನೋಡಿದಳು. ಈ ಸಲ ನಾನು ನೆಲ ನೋಡಲಿಲ್ಲ. ಅಂದರೆ, ನೋಡಿದೆ, ಬೇರೆ ರೀತಿಯಲ್ಲಿ ನೋಡಿದೆ. ಕಾಲ ಕೆಳಗೆ ಒಳ್ಳೆಯ ಹುಲ್ಲು, ಹುಲ್ಲಿನ ಕೆಳಗೆ ಮಣ್ಣು. ಟ್ರೇಯನ್ನು ಅವಳ ಪಕ್ಕ ಇಟ್ಟು ಗೇಟಿಗೆ ಹೋದೆ. ಕಲ್ಲು ಕೂರಿಸುತ್ತಿದ್ದವನ ಹೆಸರು ರಾಜಮಹ್ಮದ, ಸಿಂದಗಿಯವನು, ಹಿಂದೆ ನನ್ನ ಜೊತೆ ಗಾರೆ ಹೊತ್ತವನು. ಎಲ್ಲವನ್ನೂ ನೋಡಿದ್ದ. ನಾನು ಬಾಯಿ ಬಿಡುವ ಮುಂಚೆಯೇ ಗುದ್ದಲಿ ನನ್ನ ಕೈಗಿಟ್ಟ. ಸಲಿಕೆ ತಾನು ಹಿಡಿದುಕೊಂಡು ಹಿಂದೆ ಬಂದ.

ಮೊದಲ ಏಟಿಗೆ ಹುಲ್ಲು ಚಾಪೆಯ ಹಾಗೆ ಎದ್ದು ಬಂತು.

"ಏ! ಏ ಬೋಸುಡಿಮಗನ! ಸರಕಾರಿ ಗಾರ್ಡನ್ ಅದು!" ಅಜಯಬಾಬ ನನ್ನ ಅಂಗಿ ಹಿಡಿದ. ಹೆಂಗಸರು ಅವನ ಕೈ ಬಿಡಿಸಿದರು. ಹೇಗೆ ಬಿಡಿಸಿದರೋ ನಾನು ನೋಡಲಿಲ್ಲ, ಅವನು ಕೂಗಿಕೊಂಡದ್ದು ಕೇಳಿಸಿತು. ಮೆಟ್ಟಿಲ ಮೇಲೆ ಮಂತ್ರಿಯನ್ನು ಅವನ ಕಡೆಯವರು ಹಿಂದಿನ ಬಾಗಿಲಿಗೆ ಕರೆದುಕೊಂಡು ಓಡುತ್ತಿದ್ದರು. ದೊಡ್ಡ ಸರ್ ಯಾರಿಗೋ ಫೋನಿನಲ್ಲಿ, ಎಲುಬು, ಎಲುಬು ಎಂದು ಇಂಗ್ಲಿಷಿನಲ್ಲಿ ಚೀರುತ್ತಿದ್ದರು.

ಮಣ್ಣು ಮೆತ್ತಗಿತ್ತು. ಹುಲ್ಲು ಚೆನ್ನಾಗಿ ಬರಲಿ ಎಂದು ಎಲ್ಲಿಂದಲೋ ಲಾರಿಯಲ್ಲಿ ತರಿಸಿ ಹಾಕಿದ ಮಣ್ಣು. ನಾನು ಅಗೆದೆ, ರಾಜಮಹ್ಮದ ಎತ್ತಿ ಹಾಕಿದ. ಮೈಯೆಲ್ಲ ಬೆವರು, ಕಣ್ಣಲ್ಲಿ ಏನೆಂದು ಗೊತ್ತಿಲ್ಲ. ಇಷ್ಟು ವರ್ಷ ಇವರ ಪಾಯಗಳನ್ನು ತೋಡಿದ್ದೇನೆ. ನಮಗೆಂದು ಬೆಳಕಿನಲ್ಲಿ ತೋಡುತ್ತಿದ್ದದ್ದು ಇದೇ ಮೊದಲು.

ಗುಂಡಿಯ ಅಂಚಿನಲ್ಲಿ ಠಾಕಪ್ಪನ ಕಾಲುಗಳು ಕಂಡವು. ಈಗ ನನ್ನನ್ನು ಎಳೆಯುತ್ತಾನೆ ಅಂದುಕೊಂಡೆ.

"ಅಡ್ಡ ತೆಗೀಬ್ಯಾಡೋ ಹುಚ್ಚಪ್ಯಾಲಿ" ಎಂದ ಮುದುಕ. "ಉದ್ದಕ್ಕ ತಗಿ. ಕೂಸು ಕಾಲು ಚಾಚಿ ಮಲಗಬೇಕು."

ಗೇಟಿನ ಹತ್ತಿರ ಪೊಲೀಸರ ಎರಡು ಗಾಡಿ ನಿಂತವು. ಲಾಠಿಯವರು ಇಳಿದು ಸಾಲಾದರು. ಜಮುನಾಬಾಯಿ ಗುಂಡಿಯ ತಲೆಯ ಕಡೆ ಕಾಲು ಮಡಚಿ ಕೂತು, ಓಡನಿ ಬಿಚ್ಚಿ, ತಲೆಬುರುಡೆಯ ಒಂದು ಬದಿಯನ್ನು, ಅವರು ಕೊರೆದ ಆ ತೂತಿನ ಮೇಲೆ ಅಂಗೈ ಮುಚ್ಚಿ, ಹೊಟ್ಟೆಗೆ ಒತ್ತಿಕೊಂಡಿದ್ದಳು. ಬೂಟಿನ ಸದ್ದು ಹತ್ತಿರ ಬರತೊಡಗಿತು. ಗುಂಡಿ ಮೊಣಕಾಲಿಗೆ ಬಂದಿತ್ತು. ಎದೆಮಟ್ಟ ಆಗಬೇಕು. ನಾನು ಗುದ್ದಲಿ ಎತ್ತಿ ಮತ್ತೆ ಹಾಕಿದೆ.